ಯಾವ ಬೇಜಾರು?

ಕನ್ನಡದಲ್ಲಿ ‘ಬೇಜಾರು’ ಎಂಬುದು ಬಹಳ ದುಡಿಯುವ ಪದ. ಬಸ್ಸು ತಡವಾದರೆ ಬೇಜಾರು, ಸಿನಿಮಾ ಉದ್ದವಾದರೆ ಬೇಜಾರು, ನೆಂಟರು ಮದುವೆಗೆ ಕರೆಯದಿದ್ದರೆ ಬೇಜಾರು, ಕರೆದೂ ಮಾತನಾಡಿಸದಿದ್ದರೆ ಇನ್ನಷ್ಟು ಬೇಜಾರು. ಕಟುವಾದ ಮಾತೊಂದನ್ನು ಆಡುವ ಮುನ್ನ ‘ಬೇಜಾರು ಮಾಡ್ಕೋಬೇಡಿ’ ಎನ್ನುತ್ತೇವೆ. ಸಾವಿನ ಮನೆಯಿಂದ ಹಿಂದಿರುಗಿ ‘ತುಂಬ ಬೇಜಾರಾಯಿತು’ ಎನ್ನುತ್ತೇವೆ. ಪಾರಸಿಯಿಂದ ಹಿಂದೂಸ್ಥಾನಿಯ ಮೂಲಕ ಬಂದ ಈ ಪದದ ಪಕ್ಕದಲ್ಲೇ ನಮ್ಮ ಹಳೆಯ ‘ಬೇಸರ’ವೂ ಕುಳಿತಿದೆ. ಎರಡೂ ಸೇರಿ ಆಯಾಸ, ನೀರಸತೆ, ಮುನಿಸು, ದುಃಖ, ಜಿಗುಪ್ಸೆ ಇಷ್ಟನ್ನೂ ಹೊರುತ್ತವೆ. ಹೇಳುವವರ ಮುಖ ಕಾಣುವಷ್ಟು ಹತ್ತಿರವಿದ್ದಾಗ ಇದರಿಂದ ತೊಂದರೆಯಿಲ್ಲ. ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಿಂದ ಫೋನಿನಲ್ಲಿ ಈ ಪದ ಬಂದಾಗ, ಕೇಳಿಸಿಕೊಂಡವರು ಆ ಐದು ಅರ್ಥಗಳಲ್ಲಿ ತಮಗೆ ಸಹಿಸಲಾಗುವ ಒಂದನ್ನು ಆಯ್ದುಕೊಳ್ಳುತ್ತಾರೆ.

ನಾವು ದೆಹಲಿಗೆ ಬಂದು ಹದಿನೇಳು ವರ್ಷಗಳಾದವು. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕೆಲಸ, ಸರ್ಕಾರಿ ವಸತಿಗೃಹದ ಎರಡನೆಯ ಮಹಡಿಯಲ್ಲಿ ಮನೆ. ಇಂಥ ಮನೆಗಳಿಗೆ ಒಂದು ಅಲಿಖಿತ ಕರ್ತವ್ಯವಿದೆ: ಊರಿನಿಂದ ಓದಲು ಬಂದ ಮಕ್ಕಳಿಗೆ ಭಾನುವಾರದ ಊಟ. ಯಾರದೋ ಸೋದರಳಿಯ, ಯಾರದೋ ಸಹೋದ್ಯೋಗಿಯ ಮಗಳು, ಸಂಘದ ಕಾರ್ಯಕ್ರಮದಲ್ಲಿ ಕನ್ನಡ ಕೇಳಿ ಹತ್ತಿರ ಬಂದ ಹುಡುಗ, ಹೀಗೆ ಪ್ರತಿವರ್ಷ ನಾಲ್ಕೈದು ಜನ ಸೇರುತ್ತಾರೆ. ಹುಳಿ, ಪಲ್ಯ, ಮಜ್ಜಿಗೆ, ಒಂದಿಷ್ಟು ಹಪ್ಪಳ. ಉಂಡ ಮೇಲೆ ಕೆಲವರು ಪಾತ್ರೆ ತೊಳೆಯುತ್ತಾರೆ, ಕೆಲವರು ನೆಲದ ಮೇಲೆ ಅಲ್ಲೇ ನಿದ್ದೆ ಹೋಗುತ್ತಾರೆ. ಈ ನಿದ್ದೆಯನ್ನು ನಾವು ವರ್ಷಗಳಿಂದ ನೋಡುತ್ತ ಬಂದಿದ್ದೇವೆ. ಹತ್ತು ವರ್ಷಗಳ ಹಿಂದಿನ ಹುಡುಗರು ಒಂದು ಗಂಟೆ ಮಲಗಿ, ಎದ್ದು ಕಾಫಿ ಕೇಳುತ್ತಿದ್ದರು. ಈಚಿನವರನ್ನು ಸಂಜೆ ಆರಕ್ಕೆ ನಾವೇ ಎಬ್ಬಿಸಬೇಕು. ಎದ್ದ ಮೇಲೂ ಮಲಗಿದವರ ಮುಖ ಅವರದಾಗಿರುವುದಿಲ್ಲ.

ಆ ಮಕ್ಕಳಲ್ಲಿ ಒಬ್ಬಳ ವಿಷಯವನ್ನು ಇಲ್ಲಿ ಹೇಳಬೇಕೆಂದಿದ್ದೇವೆ. ಅವಳನ್ನು ಕೇಳಿ, ಅವಳು ಓದಿ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇವೆ. ಊರಿನ ಹೆಸರು, ಕಾಲೇಜಿನ ಹೆಸರು ಬೇಡವೆಂದಳು. ಉಳಿದದ್ದೆಲ್ಲ ಇರಲಿ ಎಂದಳು.

ತೆಂಗಿನ ಸೀಮೆಯ ಹುಡುಗಿ. ತಂದೆಗೆ ಮೂರು ಎಕರೆ ತೋಟ. ಪಿ.ಯು.ವರೆಗೆ ಕನ್ನಡ ಮಾಧ್ಯಮ, ತಾಲ್ಲೂಕಿಗೆ ಮೊದಲ ಸ್ಥಾನ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ಒಂದೇ ಪ್ರವೇಶ ಪರೀಕ್ಷೆ ಬಂದಿತಲ್ಲ, ಅದನ್ನು ಬರೆದು ಇತಿಹಾಸದ ಆನರ್ಸ್ ತರಗತಿಗೆ ದೆಹಲಿಗೆ ಬಂದಳು. ಊರಿನ ವೃತ್ತದಲ್ಲಿ ಅವಳ ಭಾವಚಿತ್ರವಿದ್ದ ಫ್ಲೆಕ್ಸ್ ಕಟ್ಟಿದ್ದರಂತೆ. ಮೊದಲ ವರ್ಷ ನಮ್ಮ ಮನೆಯಲ್ಲಿ ಅವಳ ಮಾತೇ ಮಾತು. ತುಘಲಕಾಬಾದಿನ ಕೋಟೆ ನೋಡಿ ಬಂದು, ಹಂಪೆಯ ಗೋಡೆಗೂ ಅಲ್ಲಿನ ಗೋಡೆಗೂ ಇರುವ ವ್ಯತ್ಯಾಸವನ್ನು ಊಟದ ತಟ್ಟೆಯ ಮೇಲೆ ಅನ್ನದಲ್ಲಿ ಕಟ್ಟಿ ತೋರಿಸಿದ್ದಳು.

ಮೂರನೆಯ ಸೆಮಿಸ್ಟರಿನಲ್ಲಿ ಮಾತು ಕಡಿಮೆಯಾಯಿತು. ಒಂದು ಭಾನುವಾರ ಬರಲಿಲ್ಲ, ಮತ್ತೊಂದು ಭಾನುವಾರ ಬಂದು ತಿನ್ನಲಿಲ್ಲ. ಆ ದಿನ ಅವಳು ಬಾಲ್ಕನಿಯಲ್ಲಿ ನಿಂತು ತಂದೆಯೊಡನೆ ಮಾತನಾಡುತ್ತಿದ್ದಳು, ಫೋನು ಸ್ಪೀಕರಿನಲ್ಲಿತ್ತು.

‘ಯಾಕೋ ಬೇಜಾರು ಅಪ್ಪಾಜಿ.’

‘ಬೇಜಾರಾದ್ರೆ ಫ್ರೆಂಡ್ಸ್ ಜೊತೆ ಎಲ್ಲಾರ ಹೋಗ್ಬಾ ಪುಟ್ಟಿ. ದುಡ್ಡು ಹಾಕ್ಲಾ?’

‘ಬೇಡ ಅಪ್ಪಾಜಿ. ಇದೆ.’

ತಂದೆಯ ದನಿಯಲ್ಲಿ ಅಕ್ಕರೆಯಲ್ಲದೆ ಬೇರೇನೂ ಇರಲಿಲ್ಲ. ಅವರಿಗೆ ಕೇಳಿಸಿದ್ದು ಸಿನಿಮಾ ಉದ್ದವಾದಾಗಿನ ಬೇಜಾರು. ಮಗಳು ಹೇಳಿದ್ದು ಬೇರೆ.

ಇಂಗ್ಲಿಷಿನಲ್ಲಿ ಈ ಸ್ಥಿತಿಗೆ ‘ಬರ್ನ್‌ಔಟ್’ ಎಂಬ ಮಾತಿದೆ. ಈಗ ನಮ್ಮ ಮಕ್ಕಳೂ ಅದನ್ನೇ ಬಳಸುತ್ತಾರೆ. ಅದಕ್ಕೊಂದು ಚರಿತ್ರೆಯಿದೆ. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ದುಡಿಯುತ್ತಿದ್ದ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನೋವಿಜ್ಞಾನಿ 1974ರಲ್ಲಿ, ತನ್ನ ಜೊತೆಯ ಸ್ವಯಂಸೇವಕರು ಹುರುಪಿನಿಂದ ಬಂದು ಕ್ರಮೇಣ ಬರಿದಾಗುವುದನ್ನು ಕಂಡು ಈ ಪದದಿಂದ ವಿವರಿಸಿದ. ಅನಂತರ ಕ್ರಿಸ್ಟಿನಾ ಮಾಸ್ಲಾಕ್ ಅದನ್ನು ಅಳೆಯುವ ಕ್ರಮವನ್ನು ರೂಪಿಸಿದರು. ಅವರ ಪ್ರಕಾರ ಇದರಲ್ಲಿ ಮೂರು ಎಳೆಗಳಿವೆ. ಮೊದಲನೆಯದು, ವಿಶ್ರಾಂತಿಯಿಂದಲೂ ತೀರದ ದಣಿವು. ಎರಡನೆಯದು, ಒಂದು ಕಾಲಕ್ಕೆ ಪ್ರೀತಿಸಿದ ಕೆಲಸದ ಬಗ್ಗೆಯೇ ‘ಇದರಿಂದ ಏನಾಗಬೇಕು’ ಎಂಬ ವಿಮುಖತೆ. ಮೂರನೆಯದು, ‘ನನ್ನ ಕೈಲಾಗದು’ ಎಂಬ ನಂಬಿಕೆ. ದಣಿವೊಂದೇ ಇದ್ದರೆ ರಜೆ ಸಾಕು. ಮೂರೂ ಹೆಣೆದುಕೊಂಡಾಗ ರಜೆಯಲ್ಲಿಯೂ ಮನಸ್ಸಿಗೆ ಬಿಡುವಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಬರ್ನ್‌ಔಟನ್ನು ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ಸೇರಿಸಿದೆ. ಅದು ರೋಗವಲ್ಲವೆಂದೂ, ಬದುಕಿನ ಇತರ ಕ್ಷೇತ್ರಗಳಿಗೆ ಆ ಪದವನ್ನು ಬಳಸಬಾರದೆಂದೂ ಹೇಳಿದೆ. ಹಾಗೆ ನೋಡಿದರೆ ವಿದ್ಯಾರ್ಥಿಗೆ ಈ ದಣಿವಿನ ಹಕ್ಕೇ ಇಲ್ಲ. ಆದರೆ ವಿದ್ಯಾರ್ಥಿಯ ಉದ್ಯೋಗ ಓದೇ ಅಲ್ಲವೆ? ಹಾಜರಾತಿಯಿದೆ, ಗಡುವಿದೆ, ಮೇಲಧಿಕಾರಿಗಳಿದ್ದಾರೆ, ವಾರ್ಷಿಕ ಮೌಲ್ಯಮಾಪನವಿದೆ, ಸಂಬಳವೊಂದೇ ಇಲ್ಲ. 2002ರಲ್ಲಿ ಶೌಫೆಲಿ ಮತ್ತು ಸಂಗಡಿಗರು ಸ್ಪೇನ್, ಪೋರ್ಚುಗಲ್, ನೆದರ್ಲೆಂಡ್ಸ್ ದೇಶಗಳ ವಿಶ್ವವಿದ್ಯಾಲಯ ವಿದ್ಯಾರ್ಥಿಗಳಲ್ಲಿ ಇದೇ ಮೂರು ಎಳೆಗಳನ್ನು ಅಳೆಯಲು ಮಾಸ್ಲಾಕರ ಪ್ರಶ್ನಾವಳಿಯನ್ನು ಮಾರ್ಪಡಿಸಿದರು. ಅಂದಿನಿಂದ ವಿದ್ಯಾರ್ಥಿಗಳ ಬರ್ನ್‌ಔಟ್ ಅಧ್ಯಯನದ ವಿಷಯವಾಗಿ ನಿಂತಿದೆ.

ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದ ನಮಗೆ ಈ ಹುಡುಗಿಯನ್ನು ನೋಡುವಾಗ ನೆನಪಾಗುತ್ತಿದ್ದವನು ಜಾನ್ ಸ್ಟುವರ್ಟ್ ಮಿಲ್. ವಿಕ್ಟೋರಿಯನ್ ಯುಗದ ಗದ್ಯವೆಂದು ನಮ್ಮ ತರಗತಿಯಲ್ಲಿ ಅವನ ಆತ್ಮಕಥೆಯ ಐದನೆಯ ಅಧ್ಯಾಯವನ್ನು ಪರಿಚಯಿಸಿದ್ದರು. ಅಂದು ಅದು ಹತ್ತು ಅಂಕದ ಪ್ರಶ್ನೆಯಾಗಿತ್ತು.

ಮಿಲ್‌ನ ತಂದೆ ಜೇಮ್ಸ್ ಮಿಲ್, ಒಮ್ಮೆಯೂ ಭಾರತಕ್ಕೆ ಬಾರದೆ ಭಾರತದ ಇತಿಹಾಸ ಬರೆದವನು. ಮಗನನ್ನು ಶಾಲೆಗೆ ಕಳುಹಿಸಲಿಲ್ಲ. ಮೂರನೆಯ ವಯಸ್ಸಿಗೆ ಗ್ರೀಕ್, ಎಂಟಕ್ಕೆ ಲ್ಯಾಟಿನ್, ಹದಿಮೂರಕ್ಕೆ ಅರ್ಥಶಾಸ್ತ್ರ ತಾನೇ ಕಲಿಸಿದ. ದುಡಿಮೆಯ ಅಭ್ಯಾಸ ತಪ್ಪೀತೆಂದು ರಜೆಯನ್ನೇ ಕೊಡಲಿಲ್ಲ. ಹದಿನೇಳಕ್ಕೆ ಮಗ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಗುಮಾಸ್ತನಾದ, ನಮ್ಮಂತೆಯೇ ಕಡತಗಳ ನೌಕರ. 1826ರ ಶರತ್ಕಾಲದಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ಅವನು ತನ್ನನ್ನೇ ಒಂದು ಪ್ರಶ್ನೆ ಕೇಳಿಕೊಂಡ: ಜಗತ್ತು ಸುಧಾರಿಸಬೇಕೆಂಬ ತನ್ನ ಗುರಿಗಳೆಲ್ಲ ಈ ಗಳಿಗೆಯಲ್ಲೇ ಈಡೇರಿದರೆ ತನಗೆ ಸಂತೋಷವಾದೀತೆ? ಒಳಗಿನಿಂದ ಬಂದ ಉತ್ತರ, ಇಲ್ಲ. ಅಲ್ಲಿಗೆ ಅವನ ಬದುಕಿನ ಆಧಾರವೇ ಕುಸಿಯಿತು.

ಅಂದು ಹತ್ತು ಅಂಕಕ್ಕೆ ಬರೆದಾಗ ಗಮನಿಸದೆ ಹೋಗಬಹುದಾದ ಎರಡು ಸಂಗತಿಗಳು ಆ ಅಧ್ಯಾಯದಲ್ಲಿವೆ. ಒಂದು, ಆ ಚಳಿಗಾಲವಿಡೀ ಮಿಲ್ ಎಂದಿನಂತೆ ಕೆಲಸ ಮಾಡಿದ. ಯಂತ್ರದ ಹಾಗೆ, ಅಭ್ಯಾಸಬಲದಿಂದ. ಚರ್ಚಾಕೂಟದಲ್ಲಿ ಭಾಷಣಗಳನ್ನೂ ಮಾಡಿದ. ಹೊರಗಿನವರ ಕಣ್ಣಿಗೆ ಏನೂ ಆಗಿರಲಿಲ್ಲ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅವನ ಅಂಕಪಟ್ಟಿಯಲ್ಲಿ ಆ ಕುಸಿತ ಕಾಣುತ್ತಿರಲಿಲ್ಲ. ಎರಡು, ಅವನು ಯಾರಿಗೂ ಹೇಳಲಿಲ್ಲ. ಸಹಜವಾಗಿ ಮೊರೆಹೋಗಬೇಕಾದ ತಂದೆಯೇ ಈ ವಿಷಯದಲ್ಲಿ ಕಟ್ಟಕಡೆಯವನೆಂದು ಅವನಿಗೆ ತೋರಿತು. ಅಷ್ಟು ಶ್ರಮಪಟ್ಟು ಕಲಿಸಿದವನಿಗೆ, ನಿನ್ನ ಶ್ರಮ ಹೀಗಾಯಿತೆಂದು ಹೇಳಿ ನೋಯಿಸುವುದು ಹೇಗೆ?

ಎರಡು ಶತಮಾನಗಳು ಸಮೀಪಿಸುತ್ತಿವೆ. ವೃತ್ತದಲ್ಲಿ ಫ್ಲೆಕ್ಸ್ ಕಟ್ಟಿಸಿಕೊಂಡು ಬಂದ ಹುಡುಗಿ ಅಪ್ಪಾಜಿಗೆ ಹೇಳದಿದ್ದುದಕ್ಕೂ ಇದೇ ಕಾರಣ.

ಮಿಲ್ ಚೇತರಿಸಿಕೊಂಡ ಬಗೆಯೂ ಯೋಚಿಸತಕ್ಕದ್ದು. ಮಾರ್ಮೊಂತೆಲ್ ಎಂಬ ಫ್ರೆಂಚ್ ಲೇಖಕನ ನೆನಪುಗಳಲ್ಲಿ ತಂದೆ ತೀರಿಕೊಂಡಾಗ ಪುಟ್ಟ ಹುಡುಗ ಮನೆಯ ಭಾರ ಹೊರಲು ನಿರ್ಧರಿಸುವ ಭಾಗವನ್ನು ಓದುತ್ತ ಅವನ ಕಣ್ಣಲ್ಲಿ ನೀರು ಬಂತು. ಅತ್ತದ್ದರಿಂದ, ತನ್ನೊಳಗೆ ಭಾವನೆ ಸತ್ತಿಲ್ಲವೆಂದು ಅವನಿಗೆ ತಿಳಿಯಿತು. 1828ರಲ್ಲಿ ಮೊದಲ ಬಾರಿಗೆ ವರ್ಡ್ಸ್‌ವರ್ತ್ ಕವಿಯನ್ನು ಓದಿದ. ಬೆಟ್ಟ, ನೀರು, ಸಾಮಾನ್ಯ ಜನರ ಸುಖದುಃಖ, ಇವುಗಳಲ್ಲಿ ಯಾರ ಸ್ಪರ್ಧೆಯೂ ಇಲ್ಲದ ಸಂತೋಷವನ್ನು ಕಂಡ. ಸಂತೋಷವನ್ನೇ ನೇರ ಗುರಿಯಾಗಿಸಿಕೊಂಡವನಿಗೆ ಅದು ಸಿಗದು, ಬೇರೆ ಯಾವುದಾದರೂ ಕಾರ್ಯವನ್ನು ಅದಕ್ಕಾಗಿಯೇ ಪ್ರೀತಿಸಿ ಮಾಡುವಾಗ ದಾರಿಯಲ್ಲಿ ಸಿಗುತ್ತದೆ ಎಂಬ ತೀರ್ಮಾನಕ್ಕೆ ಬಂದ.

ಕಾರ್ಯವನ್ನು ಅದಕ್ಕಾಗಿಯೇ ಪ್ರೀತಿಸುವುದು ಎಂಬ ಮಾತನ್ನು ಇಪ್ಪತ್ತನೆಯ ಶತಮಾನದ ಮನೋವಿಜ್ಞಾನ ಪ್ರಯೋಗಕ್ಕೆ ಒಡ್ಡಿತು. ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ತುಂಡುಗಳನ್ನು ಜೋಡಿಸುವ ಒಗಟುಗಳನ್ನು ಕೊಟ್ಟ. ಕೆಲವರಿಗೆ ಬಿಡಿಸಿದ ಒಗಟಿಗೆ ಇಷ್ಟೆಂದು ಹಣ ಕೊಟ್ಟ. ಆಮೇಲೆ ಹಣ ನಿಲ್ಲಿಸಿದ. ಹಣ ಪಡೆದವರು ಬಿಡುವಿನ ವೇಳೆಯಲ್ಲಿ ಒಗಟನ್ನು ಮುಟ್ಟುವುದು ಕಡಿಮೆಯಾಯಿತು. 1973ರಲ್ಲಿ ಲೆಪ್ಪರ್ ಮತ್ತು ಸಂಗಡಿಗರು ಶಿಶುವಿಹಾರದ ಮಕ್ಕಳಲ್ಲಿ ಇದನ್ನೇ ಕಂಡರು: ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆಂದು ಹೇಳಿ ಬರೆಸಿದ ಮಕ್ಕಳು, ಮುಂದೆ ತಾವಾಗಿ ಬಣ್ಣದ ಪೆನ್ನು ಹಿಡಿಯುವುದು ಕಡಿಮೆಯಾಯಿತು. ಡೆಸಿ ಮತ್ತು ರಯನ್ ಈ ದಾರಿಯಲ್ಲೇ ಮುಂದುವರಿದು, ಮನುಷ್ಯನ ಒಳಗಿನ ಪ್ರೇರಣೆ ಬಾಡದೆ ಇರಲು ಮೂರು ಬೇಕೆಂದರು: ಇದು ನನ್ನ ಆಯ್ಕೆಯೆಂಬ ಭಾವ, ಇದು ನನ್ನಿಂದ ಆಗುತ್ತದೆಂಬ ಭಾವ, ನನ್ನವರೆಂಬುವರು ಸುತ್ತಲಿದ್ದಾರೆಂಬ ಭಾವ.

ಈ ಮೂರನ್ನು ಹಿಡಿದು ನಮ್ಮ ಹುಡುಗಿಯ ಒಂದು ವಾರವನ್ನು ನೋಡೋಣ. ನಾಲ್ಕು ವರ್ಷದ ಹೊಸ ಪದವಿ ಕ್ರಮದಲ್ಲಿ ಅವಳಿಗೆ ಸೆಮಿಸ್ಟರಿಗೆ 22 ಕ್ರೆಡಿಟ್‌ಗಳು. ಮುಖ್ಯ ವಿಷಯದ್ದು ಮೂರು, ಐಚ್ಛಿಕ ಒಂದು, ಭಾಷೆ ಅಥವಾ ಪರಿಸರ, ಕೌಶಲ, ಮೌಲ್ಯವರ್ಧನೆ ಎಂದು ಒಂದೊಂದು. ಒಟ್ಟು ಏಳು ಪತ್ರಿಕೆಗಳು. ಪ್ರತಿಯೊಂದಕ್ಕೂ ಆಂತರಿಕ ಅಂಕ, ಕೆಲವಕ್ಕೆ ವಾರವಾರದ ಮೌಲ್ಯಮಾಪನ. ಹೊಸ ಕ್ರಮದ ಉದ್ದೇಶ ಒಳ್ಳೆಯದೇ. ಇತಿಹಾಸದ ವಿದ್ಯಾರ್ಥಿ ಬೇರೆಯದನ್ನೂ ಅರಿಯಲಿ ಎಂಬುದರಲ್ಲಿ ತಪ್ಪೇನಿದೆ? ಆದರೆ ಅವಳು ದೆಹಲಿಗೆ ಬಂದದ್ದು ಯಾವ ಇತಿಹಾಸಕ್ಕಾಗಿಯೋ ಅದು ಗ್ರಂಥಾಲಯದಲ್ಲಿ ಕಾಯುತ್ತಿದ್ದರೆ, ಅವಳು ರಾತ್ರಿ ಒಂದು ಗಂಟೆಯವರೆಗೆ ಸ್ಲೈಡುಗಳನ್ನು ಸಿದ್ಧಪಡಿಸುತ್ತಿದ್ದಳು. ಅವಳ ಮೊದಲನೆಯ ಭಾವ ಸವೆದದ್ದು ಹೀಗೆ.

ಎರಡನೆಯದನ್ನು ಸವೆಸಿದ್ದು ಭಾಷೆ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವ ಕಷ್ಟ ನಮ್ಮ ತಲೆಮಾರಿನವರಿಗೂ ಇತ್ತು. ಇಲ್ಲಿ ಅದಕ್ಕೆ ಹಿಂದಿಯೂ ಸೇರುತ್ತದೆ. ಪಾಠ ಇಂಗ್ಲಿಷಿನಲ್ಲಿ, ಪಾಠದ ನಡುವಿನ ತಮಾಷೆ, ಪರೀಕ್ಷೆಗೆ ಯಾವುದು ಮುಖ್ಯವೆಂಬ ಸುಳಿವು, ಕ್ಯಾಂಟೀನಿನ ಹರಟೆ ಎಲ್ಲ ಹಿಂದಿಯಲ್ಲಿ. ತರಗತಿ ನಕ್ಕಾಗ ಅರ್ಧ ನಿಮಿಷ ತಡವಾಗಿ ನಗುವವಳಿಗೆ ತಾನು ಮಂದಬುದ್ಧಿಯವಳೆಂದು ಅನ್ನಿಸಲು ಎಷ್ಟು ದಿನ ಬೇಕು? ತಾಲ್ಲೂಕಿಗೆ ಮೊದಲಿಗಳಾದವಳು ಮೊದಲ ಆಂತರಿಕ ಪರೀಕ್ಷೆಯಲ್ಲಿ ಸಾಧಾರಣ ಅಂಕ ಪಡೆದಾಗ, ಪ್ರಶ್ನೆ ಅಂಕದ್ದಾಗಿ ಉಳಿಯುವುದಿಲ್ಲ. ತಾನು ಯಾರೆಂಬುದೇ ಪ್ರಶ್ನೆಯಾಗುತ್ತದೆ.

ಮೂರನೆಯದರ ಮಾತು ಬೇಕಿಲ್ಲ. ಪೇಯಿಂಗ್ ಗೆಸ್ಟ್ ಮನೆಯ ಕೋಣೆಯಲ್ಲಿ ಮೂವರು, ಮೂವರಿಗೂ ಮೂರು ವೇಳಾಪಟ್ಟಿ. ನವೆಂಬರಿನ ಹೊಗೆಯಲ್ಲಿ ಕಿಟಕಿ ತೆರೆಯುವಂತಿಲ್ಲ, ಜನವರಿಯ ಮಂಜಿನಲ್ಲಿ ಹನ್ನೊಂದಾದರೂ ಬಿಸಿಲಿಲ್ಲ. ವರ್ಷವಿಡೀ ಬೆಳಕಿನಲ್ಲಿ ಬೆಳೆದ ಮಕ್ಕಳಿಗೆ ಉತ್ತರದ ಚಳಿಗಾಲ ಏನು ಮಾಡುತ್ತದೆಂದು ಇಲ್ಲಿಗೆ ಬಂದು ಒಂದು ವರ್ಷ ಕಳೆದ ಕನ್ನಡಿಗರಿಗೆಲ್ಲ ಗೊತ್ತು.

ಸಂಶೋಧನಾ ವಿದ್ಯಾರ್ಥಿಗಳದು ಬೇರೆ ಕಥೆ. ನಮ್ಮ ಭಾನುವಾರದ ಪಂಕ್ತಿಯಲ್ಲಿ ಅಂಥ ಒಬ್ಬನಿದ್ದಾನೆ. ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಕಿರಿಯ ಸಂಶೋಧನಾ ವೇತನ ಪಡೆದವನಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ; ಆ ಪರೀಕ್ಷೆಯಲ್ಲಿ ವೇತನಕ್ಕೆ ಅರ್ಹನಾಗದೆ ಪಿಎಚ್.ಡಿ. ಸೇರಿದವನಿಗೆ 8,000. ಒಂದೇ ಪ್ರಯೋಗಾಲಯ, ಒಂದೇ ದುಡಿಮೆ. ನಮ್ಮ ಹುಡುಗ ಎರಡನೆಯ ಸಾಲಿನವನು. ಅದೂ ನಾಲ್ಕು ತಿಂಗಳಿಗೊಮ್ಮೆ ಕೈಸೇರುತ್ತದೆ. ಅವನಲ್ಲಿ ದಣಿವು ಕಾಣುವುದಿಲ್ಲ, ಚೆನ್ನಾಗಿ ತಿನ್ನುತ್ತಾನೆ, ಚೆನ್ನಾಗಿ ನಗಿಸುತ್ತಾನೆ. ‘ಅಂಕಲ್, ನನ್ನ ಥೀಸಿಸ್ ಓದೋರು ಮೂರೇ ಜನ. ಅದರಲ್ಲಿ ಒಬ್ಬ ನಾನು, ನಾನೂ ಪೂರ್ತಿ ಓದಿಲ್ಲ’ ಎನ್ನುತ್ತಾನೆ. ಎಲ್ಲರೂ ನಗುತ್ತೇವೆ. ಮಾಸ್ಲಾಕರು ಹೇಳಿದ ಎರಡನೆಯ ಎಳೆ ಹಾಸ್ಯದ ವೇಷದಲ್ಲಿ ಬರುತ್ತದೆಂದು ಅವನನ್ನು ನೋಡಿ ಕಲಿತಿದ್ದೇವೆ.

ಈ ಮಾತುಗಳನ್ನೆಲ್ಲ ಹಗುರವಾಗಿ ಆಡುವಂತಿಲ್ಲವೆಂಬುದಕ್ಕೆ ಒಂದು ಅಂಕಿ ಸಾಕು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಯಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ 1,70,924 ಜನರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ದಿನಕ್ಕೆ ಮೂವತ್ತೈದಕ್ಕಿಂತ ಹೆಚ್ಚು. ಇವರೆಲ್ಲರೂ ಓದಿನ ಭಾರದಿಂದಲೇ ಹೋದರೆಂದು ಹೇಳಲಾಗದು. ಬಡತನ, ಜಾತಿಯ ಅವಮಾನ, ಮನೆಯ ಕಲಹ, ಪ್ರೇಮಭಂಗ, ಕಾಯಿಲೆ ಹೀಗೆ ಕಾರಣಗಳು ಒಂದರೊಳಗೊಂದು ಸೇರಿರುತ್ತವೆ. ಬರ್ನ್‌ಔಟ್ ಎಂಬುದು ಓದಿಗೆ ಅಂಟಿದ ದಣಿವು. ಖಿನ್ನತೆಯಾದರೋ ಊಟ, ನಿದ್ದೆ, ಸ್ನೇಹ, ಹಾಡು ಎಲ್ಲದರಿಂದಲೂ ರುಚಿಯನ್ನು ತೆಗೆಯುತ್ತದೆ. ಎರಡರ ನಡುವಿನ ಗಡಿ ಬಹಳ ತೆಳು, ಅದನ್ನು ಗುರುತಿಸಬೇಕಾದವರು ವೈದ್ಯರು. ನಮ್ಮಂಥವರ ಕೆಲಸ ಅವರವರೆಗೆ ಕರೆದೊಯ್ಯುವುದು.

ಅಂದು ಬಾಲ್ಕನಿಯಿಂದ ಒಳಬಂದವಳ ಮುಂದೆ ಮನೆಯವರು ಹುರುಳಿಕಾಯಿಯ ಬುಟ್ಟಿ ಇಟ್ಟು ಪಕ್ಕದಲ್ಲೇ ಕುಳಿತರು. ಕೈಗೆ ಕೆಲಸವಿದ್ದರೆ ಮಾತು ಸುಲಭ, ಮುಖ ನೋಡಬೇಕಿಲ್ಲ. ನಾರು ಬಿಡಿಸುತ್ತ ಕೇಳಿದ್ದು ಇಷ್ಟೇ: ‘ಯಾವ ಬೇಜಾರು?’

ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಒಂದೊಂದಾಗಿ ಬಂತು. ಆರು ವಾರಗಳಿಂದ ಬೆಳಗಿನ ಮೂರಕ್ಕೇ ಎಚ್ಚರವಾಗುತ್ತದೆ. ಪುಸ್ತಕ ತೆರೆದರೆ ಒಂದೇ ಸಾಲನ್ನು ಹತ್ತು ಬಾರಿ ಓದುತ್ತಾಳೆ. ಹಾಜರಾತಿ ಸಾಲದೆಂದು ನೋಟಿಸು ಬಂದಿದೆ, ಅದನ್ನು ತೆರೆದು ನೋಡಿಲ್ಲ. ಕಾಲೇಜಿನ ಆಪ್ತಸಮಾಲೋಚಕರ ಕೋಣೆಗೆ ಎರಡು ಬಾರಿ ಹೋಗಿದ್ದಳು. ಎರಡು ಬಾರಿಯೂ ಬೀಗ. ಸಾಯಬೇಕೆಂದು ಅನ್ನಿಸುತ್ತದೆಯೇ ಎಂದು ನಾವು ನೇರವಾಗಿ ಕೇಳಿದೆವು. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆಂದು ಅನೇಕರು ನಂಬುತ್ತಾರೆ; ಹಾಗಾಗುವುದಿಲ್ಲವೆಂದೂ, ಕೇಳಿದರೆ ಎದೆಯ ಭಾರ ಇಳಿಯುತ್ತದೆಂದೂ ವೈದ್ಯರು ಹೇಳುತ್ತಾರೆ. ‘ಸಾಯ್ಬೇಕು ಅಂತಲ್ಲ ಆಂಟಿ. ಬೆಳಗ್ಗೆ ಏಳ್ದೆ ಇದ್ರೆ ಚೆನ್ನಾಗಿರತ್ತೆ ಅನ್ಸತ್ತೆ’ ಎಂದಳು. ಹುರುಳಿಕಾಯಿ ಬಿಡಿಸುವ ಕೈ ನಿಲ್ಲಲಿಲ್ಲ, ಇಬ್ಬರದೂ.

ಅಂದು ಅವಳನ್ನು ಕೋಣೆಗೆ ಕಳುಹಿಸಲಿಲ್ಲ. ಸಂಜೆ ಜೊತೆಯಲ್ಲಿ ಕುಳಿತು 14416ಕ್ಕೆ ಫೋನು ಮಾಡಿದೆವು. ಟೆಲಿ-ಮಾನಸ್ ಎಂಬ ಈ ಉಚಿತ ಸೇವೆಯನ್ನು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭಿಸಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರಸ್ಥಾನ; ಕನ್ನಡವೂ ಸೇರಿ 20 ಭಾಷೆಗಳಲ್ಲಿ, ಹಗಲೂ ರಾತ್ರಿಯೂ ದೊರೆಯುತ್ತದೆ. ಕನ್ನಡವನ್ನು ಆರಿಸಿಕೊಂಡು ಅವಳು ಇಪ್ಪತ್ತು ನಿಮಿಷ ಮಾತನಾಡಿದಳು. ದೆಹಲಿಗೆ ಬಂದ ಮೇಲೆ ತನ್ನ ಕಷ್ಟವನ್ನು ಅನುವಾದಿಸದೆ ಹೇಳಿದ್ದು ಅದೇ ಮೊದಲೆಂದು ಆಮೇಲೆ ಹೇಳಿದಳು. ಮರುದಿನ ರಜೆ ಹಾಕಿ ಸರ್ಕಾರಿ ಆಸ್ಪತ್ರೆಯೊಂದರ ಮನೋರೋಗ ವಿಭಾಗದ ಸಾಲಿನಲ್ಲಿ ನಿಂತೆವು. ಸಾಲಿನಲ್ಲಿ ಅವಳ ವಯಸ್ಸಿನವರೇ ಹೆಚ್ಚು. ವೈದ್ಯರು ಖಿನ್ನತೆಯೆಂದರು, ಮಾತ್ರೆ, ವಾರಕ್ಕೊಮ್ಮೆ ಸಮಾಲೋಚನೆ, ಮನೆಯವರನ್ನು ಕರೆಸುವುದು ಎಂದು ಮೂರನ್ನು ಬರೆದುಕೊಟ್ಟರು.

ತಂದೆ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು ಬಂದರು, ಒಂದು ಚೀಲ ಕೊಬ್ಬರಿಯೊಡನೆ. ವೈದ್ಯರನ್ನು ಅವರು ಕೇಳಿದ ಪ್ರಶ್ನೆಗಳು ಎರಡೇ. ಮಾತ್ರೆಯನ್ನು ಜೀವನಪೂರ್ತಿ ನುಂಗಬೇಕೆ? ಇದು ನಾವು ದೂರ ಕಳಿಸಿದ್ದರಿಂದ ಬಂತೆ? ಮೊದಲನೆಯದಕ್ಕೆ ಸಾಮಾನ್ಯವಾಗಿ ಹಾಗೇನಿಲ್ಲವೆಂಬ ಉತ್ತರ ಸಿಕ್ಕಿತು. ಎರಡನೆಯದಕ್ಕೆ ವೈದ್ಯರು, ‘ದೂರ ಕಳಿಸಿದ್ದರಿಂದಲೇ ಇವಳು ಇತಿಹಾಸ ಓದಿದಳು ಕೂಡ’ ಎಂದರು. ಅದನ್ನು ನಾವು ಕನ್ನಡಕ್ಕೆ ತಿರುಗಿಸಿ ಹೇಳಿದಾಗ ಅವರು ತಲೆಯಾಡಿಸಿ ಸುಮ್ಮನಾದರು. ಎಂಟು ದಿನ ನಮ್ಮಲ್ಲಿದ್ದರು. ಮಗಳ ಜೊತೆ ಮೆಟ್ರೋದಲ್ಲಿ ಕಾಲೇಜಿನವರೆಗೆ ಹೋಗಿ, ಗೇಟಿನ ಎದುರಿನ ಚಹದಂಗಡಿಯ ಬೆಂಚಿನಲ್ಲಿ ಅವಳು ಬರುವವರೆಗೆ ಕೂರುತ್ತಿದ್ದರು. ಹಿಂದಿ ಬಾರದ ಅವರಿಗೂ ಅಂಗಡಿಯವನಿಗೂ ಅಷ್ಟರಲ್ಲಿ ಸ್ನೇಹವಾಗಿತ್ತು.

ಅವಳು ಆ ಸೆಮಿಸ್ಟರನ್ನು ಬಿಟ್ಟು ಊರಿಗೆ ಹೋದಳು. 2021ರಲ್ಲಿ ಬಂದ ಕ್ರೆಡಿಟ್ ಬ್ಯಾಂಕಿನ ವ್ಯವಸ್ಥೆಯಿಂದ ಗಳಿಸಿದ ಕ್ರೆಡಿಟ್‌ಗಳು ನಷ್ಟವಾಗಲಿಲ್ಲ. ಅಷ್ಟರಮಟ್ಟಿಗೆ ಹೊಸ ಕ್ರಮಕ್ಕೆ ಕೃತಜ್ಞತೆ ಹೇಳಬೇಕು. ಊರಿನಲ್ಲಿ ‘ಯಾಕೆ ಬಂದ್ಲು’ ಎಂಬ ಪ್ರಶ್ನೆ ಎದ್ದೇ ಎದ್ದಿತು. ‘ಹುಷಾರಿರ್ಲಿಲ್ಲ, ಚೇತರಿಸ್ಕೊಳ್ತಾವ್ಳೆ’ ಎಂದು ತಂದೆ ಉತ್ತರಿಸಿದರಂತೆ, ಕಾಮಾಲೆ ಬಂದವರ ಬಗ್ಗೆ ಹೇಳುವ ಹಾಗೆ. ಆ ಉತ್ತರದಲ್ಲಿ ಅಡಗಿಸುವುದೂ ಇರಲಿಲ್ಲ, ದೊಡ್ಡದು ಮಾಡುವುದೂ ಇರಲಿಲ್ಲ.

ಎಂಟು ತಿಂಗಳ ಮೇಲೆ ಹಿಂದಿರುಗಿ ಬಂದಿದ್ದಾಳೆ. ಎಲ್ಲವೂ ಸರಿಯಾಯಿತೆಂದು ಬರೆದರೆ ಅವಳಿಗೇ ಅನ್ಯಾಯ. ಈಗಲೂ ಕೆಲವು ಬೆಳಗುಗಳು ಕಷ್ಟ. ಮಾತ್ರೆಯ ಪ್ರಮಾಣವನ್ನು ವೈದ್ಯರು ನಿಧಾನವಾಗಿ ಇಳಿಸುತ್ತಿದ್ದಾರೆ. ಒಂದು ಬದಲಾವಣೆ ಮಾತ್ರ ನಮಗೆ ಕಂಡಿದೆ. ಊರಿನಲ್ಲಿದ್ದಾಗ ಊರಬಾಗಿಲಿನ ವೀರಗಲ್ಲುಗಳ ಚಿತ್ರ ಬರೆಯಲು ತೊಡಗಿದ್ದಳು. ಅದಕ್ಕೆ ಕ್ರೆಡಿಟ್ ಇಲ್ಲ, ಗಡುವಿಲ್ಲ, ಯಾರೂ ಅಂಕ ಕೊಡುವುದಿಲ್ಲ. ಆ ಪುಸ್ತಕ ಈಗಲೂ ಅವಳ ಚೀಲದಲ್ಲಿರುತ್ತದೆ. ಓದಲಾಗದ ದಿನ ಅದನ್ನು ತೆಗೆಯುತ್ತಾಳೆ.

ಸರ್ವೋಚ್ಚ ನ್ಯಾಯಾಲಯ 2025ರ ಮಾರ್ಚಿನಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯವನ್ನು ಪರಿಶೀಲಿಸಲು ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಕಾರ್ಯಪಡೆಯನ್ನು ರಚಿಸಿತು. ಅದೇ ವರ್ಷ ಜುಲೈ 25ರಂದು ಮತ್ತೊಂದು ಪ್ರಕರಣದಲ್ಲಿ 15 ಮಾರ್ಗಸೂಚಿಗಳನ್ನು ಕೊಟ್ಟಿತು. ನೂರು ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರಾದರೂ ಇರಲೇಬೇಕೆಂಬುದು ಅವುಗಳಲ್ಲೊಂದು. ಸರ್ಕಾರಿ ನೌಕರರಾದ ನಮಗೆ ಆದೇಶದ ಬೆಲೆಯೂ ಗೊತ್ತು, ಆದೇಶದಿಂದ ಬಾಗಿಲ ಬೀಗದವರೆಗಿನ ದೂರವೂ ಗೊತ್ತು. ಕೋಣೆಗೆ ಫಲಕ ತೂಗುಹಾಕಿದರೆ ವರದಿಯಲ್ಲಿ ಪಾಲನೆಯಾದಂತೆ. ಒಳಗೆ ಒಬ್ಬರು ಕುಳಿತು, ಬಂದವರ ಭಾಷೆಯಲ್ಲಿ ಕೇಳಿಸಿಕೊಂಡರೆ ಮಾತ್ರ ನಿಜವಾಗಿ ಪಾಲನೆಯಾದಂತೆ.

ಅದು ಆಗುವವರೆಗೆ ಹೊರನಾಡಿನ ನಾವು ಮಾಡಬಹುದಾದದ್ದು ಇದೆ. ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈ, ದೆಹಲಿ ಎಲ್ಲೆಡೆಯೂ ನಮ್ಮ ಸಂಘಗಳಿವೆ. ಯಕ್ಷಗಾನಕ್ಕೆ, ದಾಸರ ಪದಕ್ಕೆ, ಯುಗಾದಿಗೆ ಸೇರುತ್ತೇವೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಊರಿನಿಂದ ಹೊಸ ಮಕ್ಕಳು ಬಂದಿಳಿಯುವಾಗ ಸನ್ಮಾನದ ಶಾಲಿಗಿಂತ ಅವರಿಗೆ ಬೇಕಾದದ್ದು, ಕನ್ನಡದಲ್ಲಿ ಸುಮ್ಮನೆ ಕೂರಬಹುದಾದ ಒಂದು ಮನೆ. ಅಲ್ಲಿ ಅಂಕ ಎಷ್ಟೆಂದು ಕೇಳುವುದನ್ನು ಸ್ವಲ್ಪ ತಡಮಾಡಬಹುದು. ನಿದ್ದೆ ಬರುತ್ತಿದೆಯೆ, ಊಟ ಸೇರುತ್ತಿದೆಯೆ, ಈ ವಾರ ಯಾರೊಡನೆ ಮಾತನಾಡಿದೆ ಎಂದು ಮೊದಲು ಕೇಳಬಹುದು. ಉತ್ತರಗಳು ಎರಡು ವಾರಕ್ಕೂ ಮೀರಿ ಕೆಟ್ಟದಾಗಿದ್ದರೆ ವೈದ್ಯರ ಬಳಿಗೆ ಜೊತೆಯಲ್ಲಿ ಹೋಗಬಹುದು. ಬದುಕು ಬೇಡವೆಂಬ ಸೂಚನೆ ಸಿಕ್ಕರೆ ಎರಡು ವಾರ ಕಾಯದೆ ಅಂದೇ ಹೋಗಬೇಕು. ಇದಕ್ಕೆ ಮನೋವಿಜ್ಞಾನದ ಪದವಿ ಬೇಕಿಲ್ಲ, ಒಂದು ದಿನದ ರಜೆ ಬೇಕು.

ನಮ್ಮ ಸಂಘಗಳ ರಾಜ್ಯೋತ್ಸವದ ಆಹ್ವಾನ ಪತ್ರಿಕೆಯ ಹಿಂಬದಿ ಸಾಮಾನ್ಯವಾಗಿ ಖಾಲಿ ಇರುತ್ತದೆ. 14416 ಎಂಬ ಐದು ಅಂಕಿಗಳು, ಭಾನುವಾರದ ಊಟಕ್ಕೆ ಬಾಗಿಲು ತೆರೆದಿರುವ ನಾಲ್ಕು ಮನೆಗಳ ವಿಳಾಸ, ಇಷ್ಟಕ್ಕೆ ಅಲ್ಲಿ ಧಾರಾಳವಾಗಿ ಸ್ಥಳವಿದೆ.